ಬರಿಗೈ ಫಿರ್ಯಾದಿ

ನ್ಯಾಯ ಎಲ್ಲರಿಗೂ ಸಮಾನವೆನ್ನುತ್ತೇವೆ. ಆದರೆ ನ್ಯಾಯಾಲಯದ ಹೊಸ್ತಿಲಲ್ಲಿ ಸುಂಕದ ಕಟ್ಟೆಯೊಂದಿದೆ. ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಲು 405 ಡಾಲರು ತೆರಬೇಕು. ಪೋಲೀಸರಿಂದ ಅಕಾರಣವಾಗಿ ಪೆಟ್ಟುತಿಂದ ಬಡವನು ಅಷ್ಟು ಹಣವನ್ನು ಎಲ್ಲಿಂದ ತಂದಾನು?

ರಾಜ್ಯಾಧಿಕಾರದ ಬಲದಿಂದ ಹಕ್ಕನ್ನು ಕಸಿದವರ ಮೇಲೆ ದಾವೆ ಹೂಡಲು ಅಲ್ಲಿನ 1871ರ ಶಾಸನ ಅವಕಾಶವಿತ್ತಿತು. ಬಡವನು ಮುಂಗಡ ಶುಲ್ಕವಿಲ್ಲದೆ ಒಳಬರುವ ದಾರಿಯನ್ನು 1892ರ ಶಾಸನ ತೆರೆಯಿತು. ಇದಕ್ಕೆ ಲ್ಯಾಟಿನಿನಲ್ಲಿ 'ಇನ್ ಫಾರ್ಮಾ ಪಾಪರಿಸ್' ಎಂದು ಹೆಸರು. ನಮ್ಮ ಕೋರ್ಟುಗಳ 'ಪಾಪರ್ ದಾವೆ' ಇದರ ಬಂಧುವೇ. ಫಿರ್ಯಾದಿಯು ದೂರಿನೊಡನೆ ತನ್ನ ಆದಾಯ, ಆಸ್ತಿ, ಸಾಲ, ಖರ್ಚುಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಸಲ್ಲಿಸಬೇಕು. ಅವನು ತೀರ ನಿರ್ಗತಿಕನಾಗಿರಬೇಕಿಲ್ಲ. ಶುಲ್ಕ ತೆತ್ತರೆ ಜೀವನಾವಶ್ಯಕಗಳಿಗೆ ಕೊರತೆಯಾಗುವಂತಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ಹೇಳಿತು.

ಆದರೆ ಬಾಗಿಲ ಒಳಗಡೆ ಜರಡಿಯೊಂದು ಕಾದಿದೆ. ದೂರಿನಲ್ಲಿ ಹುರುಳಿಲ್ಲವೆಂದಾಗಲಿ, ಅದರಲ್ಲಿ ಹೇಳಿದ್ದೆಲ್ಲ ನಿಜವಾದರೂ ಕಾನೂನಿನಲ್ಲಿ ಪರಿಹಾರವಿಲ್ಲವೆಂದಾಗಲಿ ಕಂಡುಬಂದರೆ, ಎದುರುಪಕ್ಷಕ್ಕೆ ಸಮನ್ಸು ಹೋಗುವ ಮೊದಲೇ ದಾವೆ ವಜಾ ಆಗಬಹುದು. ಜರಡಿಯನ್ನು ದಾಟಿದರೆ ಸಮನ್ಸನ್ನು ಮುಟ್ಟಿಸುವ ಹೊಣೆ ಸರಕಾರದ ಮಾರ್ಷಲನದು. ವಕೀಲನನ್ನು ಒದಗಿಸುವ ಭರವಸೆ ಮಾತ್ರ ಇಲ್ಲ. ಒಬ್ಬರನ್ನು ನ್ಯಾಯಾಧೀಶರು ಕೋರಬಹುದು, ಅಷ್ಟೆ.

ಆದುದರಿಂದ ಬಡವನ ಹಣೆಬರಹ ಅವನೇ ಬರೆದ ನಾಲ್ಕಾರು ಹಾಳೆಗಳಲ್ಲಿದೆ. ವಿದ್ಯಾರ್ಥಿಗಳ ಬರಹಗಳನ್ನು ತಿದ್ದುತ್ತ ಬಂದ ನನಗೆ ಈ ಸಂಗತಿ ವಿಶೇಷವಾಗಿ ನಾಟುತ್ತದೆ. ಇಲಿನಾಯ್ ಸೆರೆಮನೆಯ ಕೈದಿಯೊಬ್ಬ, ಏಕಾಂತವಾಸದ ಶಿಕ್ಷೆಯಲ್ಲಿ ತನಗಾದ ನೋವನ್ನು ತಾನೇ ಬರೆದು ದೂರಿತ್ತ. ಕೆಳಗಿನ ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದವು. ವಕೀಲರ ಬರಹಕ್ಕೆ ಹಿಡಿಯುವ ಬಿಗಿಯಾದ ಅಳತೆಗೋಲನ್ನು ಇಂಥವನ ಬರಹಕ್ಕೆ ಹಿಡಿಯಲಾಗದೆಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ತೀರ್ಪಿತ್ತಿತು. ಯಾರು, ಎಂದು, ಎಲ್ಲಿ, ಏನು ಮಾಡಿದರೆಂಬುದು ಅದರಲ್ಲಿರಬೇಕು. ಶೈಲಿಯ ಕುಂದು ದೋಷವಲ್ಲ.

1996ರ ಕಾಯಿದೆ ಕೈದಿಗಳ ಪಾಲಿಗೆ ಈ ಔದಾರ್ಯವನ್ನು ಕುಗ್ಗಿಸಿತು. ಅವರಿಗೆ ಶುಲ್ಕದಲ್ಲಿ ಮನ್ನಾ ಇಲ್ಲ, ಕಂತು ಮಾತ್ರ. ಮೂರು ದಾವೆಗಳು ಹುರುಳಿಲ್ಲವೆಂದು ವಜಾ ಆದರೆ, ಸನ್ನಿಹಿತವಾದ ದೈಹಿಕ ಅಪಾಯವಿಲ್ಲದ ಹೊರತು ಆ ಸೌಲಭ್ಯವೂ ತಪ್ಪುತ್ತದೆ. ಹುಸಿ ದೂರುಗಳನ್ನು ತಡೆಯಬೇಕೆಂಬುದು ನ್ಯಾಯವೇ. ಆದರೆ ಒರಟು ಮಾತಿನಲ್ಲಿಯೂ ನಿಜವಾದ ಅಳಲಿರಬಹುದು. ಅದನ್ನು ತಾಳ್ಮೆಯಿಂದ ಓದುವವರಿಲ್ಲದಿದ್ದರೆ, ಶುಲ್ಕವಿಲ್ಲದೆ ತೆರೆದ ಬಾಗಿಲಿನಿಂದ ಬಡವನಿಗೆ ದೊರೆಯುವುದು ಬಹಳ ಸ್ವಲ್ಪ.