ದ್ರಾಕ್ಷಿ ಸೀಮೆಗೆ ಹೆಸರು, ಎಣ್ಣೆಬೀಜದವನಿಗೆ ಖರ್ಚು

ಕುಲಾಂತರಿ ವೈನ್ ದ್ರಾಕ್ಷಿಯನ್ನು ಮಾರಾಟಕ್ಕೆಂದು ಬೆಳೆಯುವವರು ಜಗತ್ತಿನಲ್ಲಿ ಎಲ್ಲೂ ಇಲ್ಲ. ಹಾಗಿದ್ದರೂ ‘ನಮ್ಮ ಸೀಮೆಗೆ ಕುಲಾಂತರಿ ಬೆಳೆ ಬೇಡ’ ಅಂತ ಕೇಳಿದವರಲ್ಲಿ ವೈನಿನವರು ಇದ್ದಾರೆ. ಅಮೆರಿಕದಲ್ಲೂ ಇದ್ದರು, ಆಸ್ಟ್ರೇಲಿಯಾದಲ್ಲೂ ಇದ್ದರು. ತಮ್ಮ ತೋಟದಲ್ಲಿ ಇಲ್ಲದ ಬೆಳೆಯನ್ನು ಊರಿಗೇ ಬೇಡ ಅನ್ನುವುದು ಯಾಕೆ? ಬೇಡ ಅಂದಾಗ ಖರ್ಚು ಯಾರ ತಲೆಗೆ ಬರುತ್ತದೆ? ನಮ್ಮಂಥ ಬೆದ್ದಲು ರೈತರು ತಿಳಿದಿರಬೇಕಾದ ಲೆಕ್ಕ ಇದು.

ಬಳ್ಳಿಗೆ ಭಯವಿಲ್ಲ, ಹೆಸರಿಗೆ ಭಯ

ದ್ರಾಕ್ಷಿಯನ್ನು ಬೀಜ ಹಾಕಿ ಯಾರೂ ತೋಟ ಮಾಡುವುದಿಲ್ಲ. ಕಡ್ಡಿ ನೆಡುತ್ತಾರೆ, ಇಲ್ಲವೇ ಗಟ್ಟಿ ಬೇರಿನ ಗಿಡಕ್ಕೆ ಕಸಿ ಕಟ್ಟುತ್ತಾರೆ. ತಾಯಿಬಳ್ಳಿ ಹೇಗೋ ಮಗಳೂ ಹಾಗೇ. ಪಕ್ಕದ ಹೊಲದಲ್ಲಿ ಕುಲಾಂತರಿ ಮೆಕ್ಕೆಜೋಳವೋ ಸಾಸಿವೆ ಜಾತಿಯ ಬೆಳೆಯೋ ಇದ್ದರೆ ಅದರ ಪರಾಗ ಗಾಳಿಯಲ್ಲಿ ಬಂದು ದ್ರಾಕ್ಷಿ ಹೂವಿನ ಮೇಲೆ ಬಿದ್ದೀತು. ಜಾತಿಯೇ ಬೇರೆ ಆದ್ದರಿಂದ ಕಾಯಿ ಕಟ್ಟುವುದಿಲ್ಲ. ಅಂದಮೇಲೆ ನಿಷೇಧ ಬಳ್ಳಿ ಉಳಿಸಲಿಕ್ಕೆ ಅಲ್ಲ.

ಉಳಿಸಬೇಕಾದದ್ದು ಹೆಸರು. ಜೋಳ ತೂಕದ ಮೇಲೆ ಮಾರಾಟವಾಗುತ್ತದೆ. ವೈನ್ ಹಾಗಲ್ಲ, ಬಾಟಲಿ ಮೇಲಿನ ಊರಿನ ಹೆಸರಿಗೇ ಬೆಲೆ. ಮಣ್ಣು, ಗಾಳಿ, ಬಿಸಿಲು ಎಲ್ಲ ಶುದ್ಧ ಅಂತ ಕೊಳ್ಳುವವನು ನಂಬಬೇಕು. ‘ಆ ಸೀಮೆಯಲ್ಲಿ ಕುಲಾಂತರಿ ಬೆಳೆ ಇದೆಯಂತೆ’ ಅನ್ನುವ ಒಂದು ಮಾತು ಸಾಕು, ಗಿರಾಕಿ ಪಕ್ಕದ ಬಾಟಲಿಗೆ ಕೈ ಹಾಕುತ್ತಾನೆ ಅನ್ನುವುದು ಅವರ ಅಂಜಿಕೆ.

ಮೆಂಡೊಸಿನೊದಲ್ಲಿ ಮತ ಹಾಕಿದರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಂಡೊಸಿನೊ ಅಂತ ಒಂದು ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. ದ್ರಾಕ್ಷಿ ಅಲ್ಲಿನ ದೊಡ್ಡ ಬೆಳೆ. ಸಾವಯವ ವೈನನ್ನು ಆ ದೇಶದಲ್ಲಿ ಮೊದಮೊದಲು ಮಾಡಿದವರಲ್ಲಿ ಕೆಲವರು ಅಲ್ಲಿಯವರೇ. 2004ರ ಮಾರ್ಚ್ 2ರಂದು ‘ಈ ಕೌಂಟಿಯಲ್ಲಿ ಕುಲಾಂತರಿ ಬೆಳೆ, ಪ್ರಾಣಿ ಬೆಳೆಸಕೂಡದು’ ಅನ್ನುವ ಪ್ರಸ್ತಾವಕ್ಕೆ ಜನರೇ ಮತ ಹಾಕಿದರು. ಬೀಜ, ಔಷಧಿ ಕಂಪನಿಗಳ ಸಂಘ ವಿರುದ್ಧ ಪ್ರಚಾರಕ್ಕೆ ಆರು ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. ಆದರೂ ನೂರಕ್ಕೆ 57ರಷ್ಟು ಮತ ಬಿದ್ದು ಪ್ರಸ್ತಾವ ಗೆದ್ದಿತು. ಅಮೆರಿಕದಲ್ಲಿ ಇಂಥ ನಿಷೇಧ ತಂದ ಮೊದಲ ಕೌಂಟಿ ಇದೇ. ತಿನ್ನುವುದಕ್ಕೆ, ಮಾರುವುದಕ್ಕೆ ಅಡ್ಡಿ ಇಲ್ಲ; ಬೆಳೆಯುವುದಕ್ಕೆ ಮಾತ್ರ ತಡೆ. ಪಕ್ಕದ ದ್ರಾಕ್ಷಿ ಸೀಮೆ ಸೊನೊಮಾದಲ್ಲಿ ಇಂಥದೇ ಪ್ರಸ್ತಾವ 2005ರಲ್ಲಿ ಸೋತು, 2016ರಲ್ಲಿ ಗೆದ್ದಿತು.

ಮೆಂಡೊಸಿನೊದಲ್ಲಿ ಕುಲಾಂತರಿ ಮೆಕ್ಕೆಜೋಳ, ಸೋಯಾ ದೊಡ್ಡದಾಗಿ ಬೆಳೆಯುವವರು ಇರಲಿಲ್ಲ. ನಿಷೇಧದಿಂದ ಕೈಯಲ್ಲಿದ್ದದ್ದನ್ನು ಬಿಡಬೇಕಾದ ರೈತ ಇಲ್ಲವೆಂದೇ ಹೇಳಬಹುದು. ಅಗ್ಗದಲ್ಲಿ ಹೆಸರು ಸಿಕ್ಕಿತು.

ದಕ್ಷಿಣ ಆಸ್ಟ್ರೇಲಿಯಾದ ಲೆಕ್ಕ ಬೇರೆ

ಆಸ್ಟ್ರೇಲಿಯಾದ ವೈನಿನಲ್ಲಿ ಅರ್ಧದಷ್ಟು ದಕ್ಷಿಣ ಆಸ್ಟ್ರೇಲಿಯಾ ಅನ್ನುವ ಒಂದೇ ರಾಜ್ಯದ್ದು. ಬರೋಸಾ, ಮೆಕ್ಲಾರೆನ್ ವೇಲ್, ಕೂನವಾರ ಎಲ್ಲ ಅಲ್ಲೇ. ಬೇಡದ್ದನ್ನು ಗಡಿಯಲ್ಲೇ ತಡೆಯುವುದು ಅವರಿಗೆ ಹೊಸದಲ್ಲ. ದ್ರಾಕ್ಷಿ ಬೇರು ತಿನ್ನುವ ಫಿಲಾಕ್ಸೆರಾ ಹೇನು ಒಳಗೆ ಬರದಂತೆ 1899ರಲ್ಲೇ ಕಾಯಿದೆ ಮಾಡಿದವರು.

ಅಲ್ಲಿ ದ್ರಾಕ್ಷಿಯವರಷ್ಟೇ ಅಲ್ಲ, ಮಳೆ ನಂಬಿದ ರೈತರೂ ಇದ್ದಾರೆ. ಗೋಧಿ, ಬಾರ್ಲಿಯ ಜೊತೆ ಸರದಿಯಲ್ಲಿ ಕೆನೋಲಾ ಬಿತ್ತುತ್ತಾರೆ. ಇದು ಸಾಸಿವೆ ಕುಲದ ಎಣ್ಣೆಬೀಜ. ಕಳೆನಾಶಕ ಹೊಡೆದರೂ ಸಾಯದ ಕುಲಾಂತರಿ ಕೆನೋಲಾವನ್ನು ಬೆಳೆಯಬಹುದು ಅಂತ ಕೇಂದ್ರದ ನಿಯಂತ್ರಕರು 2003ರಲ್ಲಿ ಒಪ್ಪಿದರು.

ಇಲ್ಲೊಂದು ಸೂಕ್ಷ್ಮ ಇದೆ. ಆರೋಗ್ಯ, ಪರಿಸರದ ಪರೀಕ್ಷೆ ಕೇಂದ್ರದ ಕೆಲಸ. ‘ನಮ್ಮ ಮಾರುಕಟ್ಟೆಗೆ ಪೆಟ್ಟು ಬೀಳುತ್ತದೆ’ ಅನ್ನುವ ಒಂದೇ ಕಾರಣಕ್ಕೆ ರಾಜ್ಯ ಬೇಡ ಅನ್ನಬಹುದು. ದಕ್ಷಿಣ ಆಸ್ಟ್ರೇಲಿಯಾ 2004ರಲ್ಲಿ ಕಾಯಿದೆ ಮಾಡಿ ತಡೆಯಿತು. ಶುದ್ಧ ನೆಲದ ಆಹಾರ ಮತ್ತು ವೈನ್ ಅಂತ ರಾಜ್ಯ ಹೆಸರು ಮಾಡಿಕೊಳ್ಳುತ್ತಿತ್ತು. ವೈನ್ ಸೀಮೆಯ ಹಲವರು ದನಿಗೂಡಿಸಿದರು. ಗಡಿಯಾಚೆ ವಿಕ್ಟೋರಿಯಾದಲ್ಲಿ 2008ರಿಂದ ಅದೇ ಕೆನೋಲಾ ಬಿತ್ತಿದರು. ಬೇಲಿ ಈಚೆಯವನು ನೋಡುತ್ತ ಕೂತ.

ಮಾರುಕಟ್ಟೆ ಕಾರಣ ಅಂದಮೇಲೆ ಮಾರುಕಟ್ಟೆಯ ಲೆಕ್ಕ ನೋಡಬೇಕಲ್ಲ. ಸರ್ಕಾರ ಅಡಿಲೇಡ್ ವಿಶ್ವವಿದ್ಯಾಲಯದ ಕಿಮ್ ಆಂಡರ್ಸನ್ ಅವರಿಗೆ ಆ ಕೆಲಸ ಒಪ್ಪಿಸಿತು. ಅವರು ವೈನ್ ವ್ಯಾಪಾರದ ಲೆಕ್ಕಾಚಾರದಲ್ಲಿ ಹೆಸರಾದವರೇ. 2019ರಲ್ಲಿ ಬಂದ ಅವರ ವರದಿಯ ಪ್ರಕಾರ ತಡೆಯಿಂದ ಕೆನೋಲಾ ರೈತರಿಗೆ 2004ರಿಂದ ಆದ ನಷ್ಟ ಸುಮಾರು 33 ಮಿಲಿಯನ್ ಆಸ್ಟ್ರೇಲಿಯಾ ಡಾಲರ್, ಅಂದರೆ 3 ಕೋಟಿ 30 ಲಕ್ಷ ಡಾಲರ್. ತಡೆ ಇದೆ ಅನ್ನುವ ಕಾರಣಕ್ಕೆ ರಾಜ್ಯದ ಮಾಲಿಗೆ ಹೆಚ್ಚು ಬೆಲೆ ಸಿಕ್ಕಿದ್ದಕ್ಕೆ ಪುರಾವೆ ಕಾಣಲಿಲ್ಲ. ಕುಲಾಂತರಿ ಬೆಳೆಯುವ ಪಕ್ಕದ ರಾಜ್ಯಗಳ ಮಾಲೂ ಚೆನ್ನಾಗಿಯೇ ಮಾರಾಟವಾಗುತ್ತಿತ್ತು.

ಕೊನೆಗೆ 2020ರಲ್ಲಿ ತಡೆ ತೆಗೆದರು. ಕೆಲವು ಸ್ಥಳೀಯ ಆಡಳಿತಗಳು ‘ನಮ್ಮಲ್ಲಿ ಇರಲಿ’ ಅಂತ ಅರ್ಜಿ ಹಾಕಿದವು, ಅವುಗಳಲ್ಲಿ ದ್ರಾಕ್ಷಿ ಸೀಮೆಯವೂ ಇದ್ದವು. ಯಾವುದೂ ಒಪ್ಪಿಗೆಯಾಗಲಿಲ್ಲ. 2021ರ ಹಂಗಾಮಿನಿಂದ ಕುಲಾಂತರಿ ಕೆನೋಲಾ ಬಿತ್ತನೆಗೆ ದಾರಿಯಾಯಿತು.

ಕಾಂಗರೂ ದ್ವೀಪಕ್ಕೆ ಯಾಕೆ ಉಳಿಯಿತು?

ಅದೇ ರಾಜ್ಯದ ಕಾಂಗರೂ ದ್ವೀಪದಲ್ಲಿ ಮಾತ್ರ ತಡೆ ಮುಂದುವರಿದಿದೆ. ಅಲ್ಲಿ ನಿಷೇಧದಿಂದ ಹೆಸರು ಗಳಿಸಿದವನು ಕೆನೋಲಾ ರೈತನೇ. ‘ನಮ್ಮದು ಕುಲಾಂತರಿ ಅಲ್ಲದ ಕೆನೋಲಾ’ ಅಂತ ಜಪಾನಿನ ಕೊಳ್ಳುವವರಿಗೆ ಮಾರಿ ಒಂದಿಷ್ಟು ಹೆಚ್ಚು ಬೆಲೆ ಪಡೆದರು. ಸುತ್ತ ಸಮುದ್ರ, ಆದ್ದರಿಂದ ಕಲಬೆರಕೆ ಕಷ್ಟ. ಹೊಸ ತಳಿ ಬಿಟ್ಟವನೂ ಅವನೇ, ಬೆಲೆ ಪಡೆದವನೂ ಅವನೇ. ಲೆಕ್ಕ ಒಂದೇ ಮನೆಯಲ್ಲಿ ಕೂಡಿತು.

ಇನ್ನೊಂದು ಮಾತನ್ನೂ ಹೇಳಬೇಕು. ವೈನಿನವರ ಅಂಜಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೆಸರು ಗಳಿಸಲಿಕ್ಕೆ ಮೂರು ತಲೆಮಾರು ಬೇಕು, ಕಳೆಯಲಿಕ್ಕೆ ಒಂದು ಸುಗ್ಗಿ ಸಾಕು. ಬೆಳೆ ಒಮ್ಮೆ ಸೀಮೆಯೊಳಗೆ ಹರಡಿದರೆ ಹಿಂದಕ್ಕೆ ಕಳಿಸುವುದು ಸುಲಭವಲ್ಲ. ಕೆನೋಲಾ ಬೀಜ ಸಣ್ಣದು, ಲಾರಿಯಿಂದ ಉದುರಿ ದಾರಿಬದಿಯಲ್ಲೇ ಹುಟ್ಟುತ್ತದೆ. ನಿಷೇಧ ಅನ್ನುವುದು ವಿಮೆ ಇದ್ದಂತೆ. ಆದರೆ ವಿಮೆ ಮಾಡಿಸಿದ್ದು ಬಾಟಲಿಯ ಹೆಸರಿಗೆ, ಕಂತು ಕಟ್ಟಿದ್ದು ಎಣ್ಣೆಬೀಜದವನು. ಕಂತಿನಲ್ಲಿ ಪಾಲು ಕೊಡುವ ಮಾತು ಆ ಕಾಯಿದೆಯಲ್ಲಿರಲಿಲ್ಲ.

ಇಷ್ಟಾಗಿ ಕುಲಾಂತರಿ ವೈನಿನೊಳಗೆ ಬರುವ ದಾರಿ ಹೊಲವೇ ಅಲ್ಲ. ರಸ ಹುಳಿಸುವ ಯೀಸ್ಟ್ ಪೊಟ್ಟಣದಲ್ಲಿ ಬರುತ್ತದೆ. ಎಂಎಲ್01 ಅನ್ನುವ ಕುಲಾಂತರಿ ಯೀಸ್ಟಿಗೆ ಅಮೆರಿಕದಲ್ಲಿ 2003ರಲ್ಲೇ ದಾರಿ ಬಿಟ್ಟಿದ್ದರು. ಪಕ್ಕದವನ ಹೊಲಕ್ಕೆ ಬೇಲಿ ಹಾಕಿದರೆ ಇದು ನಿಲ್ಲುವುದಿಲ್ಲ. ವೈನ್ ಮಾಡುವವರೇ ಒಳಗೆ ನಿಯಮ ಮಾಡಿಕೊಳ್ಳಬೇಕು. ಆಸ್ಟ್ರೇಲಿಯಾದ ವೈನ್ ಉದ್ಯಮ ‘ನಾವು ಬಳಸುವುದಿಲ್ಲ’ ಅಂತ ನಿಲುವು ತೆಗೆದುಕೊಂಡದ್ದು ಹೀಗೆ. ಅದರ ಖರ್ಚು ಅವರದೇ.

ನಮಗೆ ಬಂದರೆ?

ನಮ್ಮ ದೇಶದಲ್ಲಿ ಬೆಳೆಯಲು ಒಪ್ಪಿಗೆ ಪಡೆದು ರೈತರ ಹೊಲದಲ್ಲಿರುವುದು ಹತ್ತಿ ಒಂದೇ. ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ಕೇಂದ್ರವೇ ತಡೆಹಿಡಿಯಿತು. ಅದಕ್ಕೆ ಮುಂಚೆ ನಮ್ಮ ರಾಜ್ಯವೂ ಸೇರಿ ಹಲವು ರಾಜ್ಯಗಳು ಬೇಡ ಅಂದಿದ್ದವು. ನಮ್ಮಲ್ಲೂ ಹೆಸರಿನ ಬೆಳೆಗಳಿವೆ. ಬೆಂಗಳೂರು ನೀಲಿ ದ್ರಾಕ್ಷಿಗೆ, ಉಡುಪಿಯ ಮಟ್ಟುಗುಳ್ಳ ಬದನೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬದನೆಯ ಮಾತು ದ್ರಾಕ್ಷಿಯಂತಲ್ಲ. ಅದು ಬೀಜದ ಬೆಳೆ, ಪಕ್ಕದ ಬದನೆಯ ಪರಾಗ ತಾಗಿದರೆ ಮುಂದಿನ ಬೀಜಕ್ಕೇ ಬರುತ್ತದೆ. ಅಲ್ಲಿ ಹೆಸರಿನ ಜೊತೆ ತಳಿಯೂ ಹೋಗುತ್ತದೆ.

ಆದ್ದರಿಂದ ಬೇಕು ಅನ್ನುವವರು ಬರಲಿ, ಬೇಡ ಅನ್ನುವವರು ಬರಲಿ, ಕೈ ಎತ್ತುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ.

1. ಪಕ್ಕದ ಹೊಲದಿಂದ ಅಪಾಯ ತಳಿಗೋ, ಹೆಸರಿಗೋ?

2. ಹೆಸರಿಗಾದರೆ, ಆ ಹೆಸರಿಗೆ ಹೆಚ್ಚು ದುಡ್ಡು ಕೊಡುವ ಕೊಳ್ಳುವವನು ನಿಜವಾಗಿ ಇದ್ದಾನೋ?

3. ಆ ದುಡ್ಡು ಯಾರ ಕೈಗೆ? ಬಿಟ್ಟುಕೊಡುವವನು ಯಾರು?

4. ಇಬ್ಬರೂ ಬೇರೆಬೇರೆ ಆದರೆ, ಗಳಿಸುವವನು ಬಿಡುವವನಿಗೆ ಏನು ಕೊಡುತ್ತಾನೆ?

ಸೀಮೆಯ ಹೆಸರು ಎಲ್ಲರದು ಅನ್ನುವುದು ಸರಿ. ಹಾಗಾದರೆ ಅದರ ಖರ್ಚೂ ಎಲ್ಲರ ಮೇಲೆ ಬೀಳಬೇಕು.