ಕರ್ನಾಟಕದ ಹೆಸರಿಗೆ ಬಂದ ಸಂತೋಷ್ ಟ್ರೋಫಿ

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಫುಟ್‌ಬಾಲ್ ತಂಡ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ ಪ್ರಶಸ್ತಿ ರಾಜ್ಯಕ್ಕೆ ಮರಳಿತು ಎಂಬ ಮಾತು ಆಗ ಕೇಳಿಬಂತು. ಲೆಕ್ಕವೇನೋ ಸರಿ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ನೋಡಿದರೆ ಈ 'ಮರಳಿತು' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ರಾಜ್ಯ ತಂಡಗಳ ಈ ಪಂದ್ಯಾವಳಿ ಆರಂಭವಾದದ್ದು 1941ರಲ್ಲಿ. ಈಗ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜರ ನೆನಪಿಗೆ ಇಟ್ಟ ಹೆಸರಿದು. 1946-47 ಮತ್ತು 1952-53ರಲ್ಲಿ ಪ್ರಶಸ್ತಿ ಗೆದ್ದದ್ದು ಮೈಸೂರು. ಆಗ ಈ ನಾಲ್ಕೂ ಊರುಗಳು ಮುಂಬಯಿ ಆಡಳಿತಕ್ಕೆ ಸೇರಿದ ವಿಜಾಪುರ ಜಿಲ್ಲೆಯಲ್ಲಿದ್ದವು. ದಾಖಲೆಯ ಪ್ರಕಾರ ಹೋದರೆ, 1954-55ರಲ್ಲಿ ಮುಂಬಯಿ ಗೆದ್ದ ಕಪ್ಪೇ ಇವರ ಪಾಲಿನದು! 1956ರ ಏಕೀಕರಣದ ನಂತರ, 1967-68 ಮತ್ತು 1968-69ರಲ್ಲಿ ತಂಡ ಮತ್ತೆ ಗೆದ್ದಿತು. ಆಗಲೂ ರಾಜ್ಯದ ಹೆಸರು ಮೈಸೂರೇ. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೀಗಾಗಿ ಆ ಹೆಸರಿನಲ್ಲಿ ಗೆದ್ದ ಮೊದಲ ಸಂತೋಷ್ ಟ್ರೋಫಿ 2023ರದೇ.

ಇಷ್ಟಾದರೂ ಈ ಗೆಲುವು ಹಿಂದಿನಷ್ಟು ಸದ್ದು ಮಾಡಲಿಲ್ಲ, ಏಕೆ? ಒಂದು ಕಾಲಕ್ಕೆ ದೇಶದ ಶ್ರೇಷ್ಠ ಆಟಗಾರರೆಲ್ಲ ತಮ್ಮ ರಾಜ್ಯದ ಪರ ಇಲ್ಲಿ ಆಡುತ್ತಿದ್ದರು. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದವು. ಹಣ, ಟಿ.ವಿ., ತಾರೆಯರು ಎಲ್ಲವೂ ಕ್ಲಬ್ಬುಗಳ ಕಡೆಗೆ ಹೊರಳಿದವು. ಸಂತೋಷ್ ಟ್ರೋಫಿ ಎರಡನೇ ಸಾಲಿಗೆ ಸರಿಯಿತು.

ಎರಡನೇ ಸಾಲು ಎಂದ ಮಾತ್ರಕ್ಕೆ ಹಗುರವಾದದ್ದಲ್ಲ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ದೇಸಿ ಆಟವಿದೆ. ಅದರ ಆಟಗಾರರಿಗೆ ಸಂಬಳವಿಲ್ಲ. ತಮ್ಮ ಕೌಂಟಿ, ಅಂದರೆ ಜಿಲ್ಲೆಯ ಪರವಾಗಿ ಆಡುತ್ತಾರೆ. ಮೇಲಿನ ಹಂತಕ್ಕೆ ಏರಲಾಗದ ಕೌಂಟಿಗಳಿಗಾಗಿಯೇ 2022ರಲ್ಲಿ ಟಾಲ್ಟನ್ ಕಪ್ ಎಂಬ ಎರಡನೇ ಹಂತದ ಪಂದ್ಯಾವಳಿ ಆರಂಭವಾಯಿತು. ಮೊದಲ ಕಪ್ ವೆಸ್ಟ್‌ಮೀತ್ ಕೌಂಟಿಯ ಪಾಲಾಯಿತು. ಅಲ್ಲಿ ಜನರನ್ನು ಮೈದಾನಕ್ಕೆ ಎಳೆಯುವುದು ಅಂಗಿಯ ಮೇಲಿನ ಊರಿನ ಹೆಸರು.

ಕರ್ನಾಟಕ ತಂಡದ 2022-23ರ ಹಾದಿಯೂ ಸುಲಭದ್ದಾಗಿರಲಿಲ್ಲ. ಭುವನೇಶ್ವರದ ಅಂತಿಮ ಸುತ್ತಿನಲ್ಲಿದ್ದ 12 ತಂಡಗಳಲ್ಲಿ ನಾಲ್ಕಕ್ಕೆ ಮಾತ್ರ ರಿಯಾದ್‌ಗೆ ಹೋಗುವ ಅವಕಾಶ. ಸೆಮಿಫೈನಲ್‌ನಲ್ಲಿ ಸರ್ವಿಸಸ್ 3-1ರಿಂದ ಸೋತಿತು. ಫೈನಲ್‌ನಲ್ಲಿ ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್ ಗೋಲು ಹೊಡೆದರು. ವಿರಾಮಕ್ಕೆ 3-1ರ ಮುನ್ನಡೆ. ನಂತರ ಮೇಘಾಲಯ ಇನ್ನೊಂದು ಗೋಲು ಗಳಿಸಿದಾಗ ಕೊನೆಯವರೆಗೂ ಕಾದಾಟ.

ಕುಸ್ತಿ, ಕಬಡ್ಡಿಗಳೇ ಹೆಚ್ಚು ಪರಿಚಿತವಾದ ಇಳಕಲ್, ಬಾದಾಮಿಗಳಲ್ಲಿ ಇದಕ್ಕಾಗಿ ಯಾರೂ ಮೆರವಣಿಗೆ ತೆಗೆಯಲಿಕ್ಕಿಲ್ಲ. ಆದರೂ ಹಳೆಯ ನಾಲ್ಕು ಪ್ರಶಸ್ತಿಗಳಲ್ಲಿ ಇಲ್ಲದ ಒಂದು ಸಂಗತಿ ಐದನೆಯದರಲ್ಲಿದೆ: ಈ ಊರುಗಳೂ ಸೇರಿದ ನಾಡಿನ ಹೆಸರು.