ಯುದ್ಧದ ಆಟ ಕಲಿಯುವಾಗ

ಚದುರಂಗದ ಮಣೆಯ ಮುಂದೆ ಅರ್ಧ ಆಯುಷ್ಯವನ್ನು ಕಳೆದವನು ನಾನು. ಕಳೆದ ಮಳೆಗಾಲದಲ್ಲಿ ತಂಗಿಯ ಮಗ ಕಂಪ್ಯೂಟರಿನಲ್ಲಿ ಯುದ್ಧದ ಆಟವೊಂದನ್ನು ತೆರೆದು, ‘ಮಾವ, ನೀವೂ ಒಂದು ಕೈ ನೋಡಿ’ ಎಂದಾಗ ಆ ಧೈರ್ಯದ ಮೇಲೆಯೇ ಒಪ್ಪಿಕೊಂಡೆ. ಆಟದ ಕೈಪಿಡಿ ಮುನ್ನೂರು ಪುಟಗಳಿಗೂ ಮಿಗಿಲಾಗಿತ್ತು. ಅದನ್ನು ಕಂಡಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಆಟದ ಹೆಸರು ‘ವಾರ್ ಇನ್ ದಿ ಈಸ್ಟ್’. ಇಂಥ ಆಟಗಳ ರಚನೆಯಲ್ಲಿ ಹೆಸರಾದ ಅಮೆರಿಕದ ಗ್ಯಾರಿ ಗ್ರಿಗ್ಸ್‌ಬಿ ಮತ್ತು ಸಂಗಡಿಗರು ರೂಪಿಸಿದ ಇದು 2010ರಲ್ಲಿ ಹೊರಬಂತು. 1941ರ ಜೂನ್ 22ರಂದು ಹಿಟ್ಲರನ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಏರಿಹೋದಲ್ಲಿಂದ ಆಟ ಆರಂಭವಾಗುತ್ತದೆ. ಭೂಪಟವನ್ನೆಲ್ಲ ಜೇನುಹುಟ್ಟಿನಂತೆ ಷಟ್ಕೋನದ ಮನೆಗಳಾಗಿ ಹಂಚಿದ್ದಾರೆ. ಒಂದು ಮನೆಯ ಅಗಲ ಹತ್ತು ಮೈಲಿ. ಒಂದು ಸರದಿ ಎಂದರೆ ಒಂದು ವಾರ. ಇಂಥ ಆಟ ಹೊಸದಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲೇ ಭೂಪಟ, ದಾಳ, ಮಧ್ಯಸ್ಥ ಇವನ್ನು ಸೇರಿಸಿ ಅಧಿಕಾರಿಗಳ ಶಿಕ್ಷಣಕ್ಕಾಗಿ ಒಂದು ಸಮರಕ್ರೀಡೆಯನ್ನು ಪ್ರಕಟಿಸಿದ್ದ. ಅಂದು ಮಧ್ಯಸ್ಥನು ಹಾಕುತ್ತಿದ್ದ ಲೆಕ್ಕವನ್ನು ಇಂದು ಯಂತ್ರ ಹಾಕುತ್ತದೆ.

ಮೊದಲ ನಡೆ ಜರ್ಮನ್ ಪಕ್ಷದ್ದಾದ್ದರಿಂದ ನಾನು ಅದನ್ನೇ ಹಿಡಿದೆ. ಟ್ಯಾಂಕು ದಳಗಳನ್ನು ಮಿನ್ಸ್ಕ್ ನಗರದಾಚೆಗೆ ಓಡಿಸಿದೆ. ಮೂರು ವಾರ ವಿಜಯದ ಮೇಲೆ ವಿಜಯ. ಆಮೇಲೆ ದಳಗಳು ನಿಂತಲ್ಲೇ ನಿಂತವು. ಇಂಧನವಿಲ್ಲ; ಮದ್ದುಗುಂಡಿಲ್ಲ; ಪದಾತಿ ಎಷ್ಟೋ ಮೈಲಿ ಹಿಂದೆ ಉಳಿದಿದೆ. ಸುತ್ತುಗಟ್ಟಿದೆನೆಂದು ನಾನು ಹಿಗ್ಗಿದ್ದ ಸೋವಿಯತ್ ದಳಗಳು ನಡುವಿನ ಸಂದಿಗಳಲ್ಲಿ ನುಸುಳಿ ಹೋಗಿದ್ದವು. ‘ಮಾವ, ನೀವು ಯುದ್ಧಕ್ಕೆ ಹೊರಟಿಲ್ಲ, ಮೆರವಣಿಗೆಗೆ ಹೊರಟಿದ್ದೀರಿ’ ಎಂದು ಹುಡುಗ ನಕ್ಕ.

ತಪ್ಪು ಚದುರಂಗದ್ದು. ಚದುರಂಗದ ಆನೆ ಮೇವು ಕೇಳುವುದಿಲ್ಲ. ಅದರ ಕುದುರೆಗೆ ಹುರುಳಿ ಬೇಡ. ಇಲ್ಲಿ ಪ್ರತಿಯೊಂದು ದಳಕ್ಕೂ ಹೊಟ್ಟೆಯಿದೆ. ಇದನ್ನರಿತ ಮೇಲೆ ಮಹಾಯುದ್ಧವನ್ನು ಬದಿಗಿಟ್ಟು, ಸ್ಮೋಲೆನ್ಸ್ಕ್ ದಾರಿ, ಲೆನಿನ್‌ಗ್ರಾಡ್ ದಾರಿ ಮುಂತಾದ ಕಿರು ಪ್ರಸಂಗಗಳಿಂದ ಪಾಠವನ್ನು ಮರಳಿ ಆರಂಭಿಸಿದೆ. ಕ್ರಮೇಣ ಒಂದು ಪದ್ಧತಿ ಕೈಗೆ ಹತ್ತಿತು. ಸರದಿ ಬಂದೊಡನೆ ಮೊದಲು ನೋಡಬೇಕಾದದ್ದು ಶತ್ರುವನ್ನಲ್ಲ, ರೈಲುಹಳಿಯನ್ನು. ಹಳಿ ಎಲ್ಲಿಗೆ ಮುಟ್ಟಿದೆ, ದುರಸ್ತಿಯ ತಂಡ ಈ ವಾರ ಎಷ್ಟು ಮನೆ ಸಾಗಬಲ್ಲುದು ಎಂಬುದನ್ನು ತಿಳಿದ ಮೇಲಷ್ಟೆ ದಂಡಿನ ಮಾತು.

ಇದು ಆಟಗಾರರ ಕಲ್ಪನೆಯಲ್ಲ. ಸೋವಿಯತ್ ಹಳಿಗಳ ನಡುವಣ ಅಂತರ 1524 ಮಿಲಿಮೀಟರು, ಜರ್ಮನಿಯದು 1435. ವ್ಯತ್ಯಾಸ 89 ಮಿಲಿಮೀಟರು, ಎಂದರೆ ಒಂದು ಅಂಗೈಯ ಅಗಲ. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಗಂಟುಮೂಟೆ ಹೊತ್ತು ಗಾಡಿ ಬದಲಾಯಿಸಿದ ನಮ್ಮ ತಲೆಮಾರಿನವರಿಗೆ ಅದರ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಆ ಅಂಗೈಯಗಲವನ್ನು ಸರಿಪಡಿಸುತ್ತ ಸಾವಿರಾರು ಕಿಲೋಮೀಟರು ಹಳಿಯನ್ನು ಕಿತ್ತು ಜೋಡಿಸಬೇಕಾಯಿತು. ಯಂತ್ರಗಳ ಸೇನೆಯೆಂದು ನಾವು ನಂಬಿದ್ದ ಆ ಸೇನೆ ದಾಳಿಗೆ ಹೊರಟಾಗ ಅದರೊಡನೆ ಆರು ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಶರತ್ಕಾಲದ ಕೆಸರೂ ಡಿಸೆಂಬರಿನ ಹಿಮವೂ ಬಂದದ್ದು ಆಮೇಲೆ. ಉಸಿರು ಅದಕ್ಕೆ ಮೊದಲೇ ಕಟ್ಟಿತ್ತು.

ಇಷ್ಟು ಕಲಿತ ಮೇಲೆ ಗೆಲ್ಲತೊಡಗಿದೆ. ಒಂದು ಸಂಜೆ ಕೀಯೆವ್ ನಗರದ ಪೂರ್ವಕ್ಕೆ ಎರಡು ಕಡೆಯಿಂದ ಟ್ಯಾಂಕುಗಳನ್ನು ತಂದು ಕೂಡಿಸಿದೆ. ಈ ಸಲ ಸಂದು ಬಿಟ್ಟಿರಲಿಲ್ಲ. ಮುಂದಿನ ಸರದಿಯಲ್ಲಿ ಒಳಗಿದ್ದ ದಳಗಳು ಒಂದೊಂದಾಗಿ ಶರಣಾದವು. ನಷ್ಟದ ಪಟ್ಟಿಯಲ್ಲಿ ‘ಸೆರೆಸಿಕ್ಕವರು’ ಎಂಬ ಕಲಮಿನ ಅಂಕಿ ಒಮ್ಮೆಲೇ ಲಕ್ಷಗಳಲ್ಲಿ ಏರಿತು. ಹುಡುಗ ಚಪ್ಪಾಳೆ ತಟ್ಟಿದ. ನಾನೂ ಹಿಗ್ಗಿದೆ.

ಆದರೆ ಹೊಟ್ಟೆಯ ಲೆಕ್ಕವನ್ನು ಆ ಆಟವೇ ನನಗೆ ಕಲಿಸಿತ್ತಲ್ಲ! ಸ್ವಂತ ದಂಡಿಗೇ ರೊಟ್ಟಿ ಸಾಲದಿರುವಾಗ ಈ ಲಕ್ಷಾಂತರ ಜನಕ್ಕೆ ಉಣಿಸುವವರಾರು? ಆ ರಾತ್ರಿ ಇತಿಹಾಸದ ಪುಸ್ತಕವನ್ನು ತೆರೆದೆ. ಉತ್ತರ ದಾಳಿಗೆ ಮೊದಲೇ ಬರೆದಿಟ್ಟದ್ದಾಗಿತ್ತು. 1941ರ ಮೇ 2ರಂದು ಬರ್ಲಿನ್ನಿನಲ್ಲಿ ಸೇರಿದ ಹಿರಿಯ ಅಧಿಕಾರಿಗಳು, ಸೇನೆಯೆಲ್ಲ ರಷ್ಯದ ನೆಲದಿಂದಲೇ ಉಣ್ಣಬೇಕು, ಅದರಿಂದ ಅಲ್ಲಿ ಕೋಟಿಗಟ್ಟಲೆ ಜನ ಹಸಿದು ಸಾಯುವರು ಎಂದು ಶಾಂತವಾಗಿ ದಾಖಲು ಮಾಡಿದ್ದರು. 1941ರಲ್ಲಿ ಸೆರೆಸಿಕ್ಕ ಸುಮಾರು 33 ಲಕ್ಷ ಸೋವಿಯತ್ ಸೈನಿಕರಲ್ಲಿ ಸುಮಾರು 20 ಲಕ್ಷ ಮಂದಿ 1942ರ ಫೆಬ್ರವರಿಯ ವೇಳೆಗೆ ಹಸಿವು, ಚಳಿ, ರೋಗ, ಗುಂಡುಗಳಿಗೆ ಬಲಿಯಾಗಿದ್ದರು. ರಸ್ತೆಯ ದೂರವನ್ನೂ ಕುದುರೆಯ ಆಯಾಸವನ್ನೂ ಬಿಡದೆ ಎಣಿಸುವ ಆಟ ಅವರನ್ನು ಶರಣಾದ ಗಳಿಗೆಯಲ್ಲಿ ಎಣಿಸಿ ಅಲ್ಲಿಗೇ ಕೈಬಿಡುತ್ತದೆ. ನಾನು ಹಿಗ್ಗಿದ್ದು ಆ ಕೈಬಿಟ್ಟ ಅಂಕಿಗೆ.

ಆಟವನ್ನು ನಾನು ಬಿಟ್ಟಿಲ್ಲ. ಈಗ ಸೋವಿಯತ್ ಪಕ್ಷವನ್ನು ಹಿಡಿಯುತ್ತೇನೆ. ಶತ್ರು ಬರುವ ಮುನ್ನ ಕಾರ್ಖಾನೆಗಳನ್ನು ಕಳಚಿ ರೈಲಿನಲ್ಲಿ ಪೂರ್ವಕ್ಕೆ ಸಾಗಿಸುವ ವಿದ್ಯೆಯನ್ನು ಕಲಿಯುತ್ತಿದ್ದೇನೆ. 1941ರ ಜುಲೈಯಿಂದ ನವೆಂಬರಿನೊಳಗೆ ಆ ಜನ ಹೀಗೆ ಸುಮಾರು 1500 ದೊಡ್ಡ ಕಾರ್ಖಾನೆಗಳನ್ನು ಸಾಗಿಸಿದರೆಂಬುದರ ಸಾಹಸ, ನಾಲ್ಕನ್ನು ಉಳಿಸಿಕೊಳ್ಳಲು ನಾನೇ ಹೆಣಗಿದ ಮೇಲೆ ಅರ್ಥವಾಯಿತು. ಕದನಗಳ ಹೆಸರುಗಳನ್ನು ಉರುಹೊಡೆದಾಗ ತಿಳಿಯದಿದ್ದ ಇತಿಹಾಸ ಇದು.

ಈ ಆಟವನ್ನು ಕಲಿಯುವೆವೆನ್ನುವವರಿಗೆ ನನ್ನದು ಒಂದೇ ಸಲಹೆ. ಕೈಪಿಡಿಯ ಪಕ್ಕದಲ್ಲಿ ಆ ಕಾಲದ ಚರಿತ್ರೆಯ ಪುಸ್ತಕವೊಂದನ್ನು ಇರಿಸಿಕೊಳ್ಳಿ. ಗೆದ್ದ ಸಂಜೆ ಅದನ್ನು ತಪ್ಪದೆ ತೆರೆಯಿರಿ.